ಕೊರಳ ಗಂಟಿನ ಗುಟ್ಟು ಬಿಡಿಸಿದ ವೈದ್ಯ ಥಾಮಸ್ ಹಾಡ್ಜ್‌ಕಿನ್

ಹಾವೇರಿ: ಕೊರಳ ಪಕ್ಕದಲ್ಲೊಂದು ಗಂಟು. ಮುಟ್ಟಿದರೆ ನೋವಿಲ್ಲ, ಕೆಂಪಾಗಿಲ್ಲ, ಕೀವಿಲ್ಲ. ಸಂಜೆಯಾದರೆ ಸಣ್ಣಗೆ ಜ್ವರ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ದಿನಕಳೆದಂತೆ ಇಳಿಯುವ ತೂಕ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿರಿಯರನ್ನು ಕೇಳಿದರೆ ಇದಕ್ಕೆ ಒಂದೇ ಹೆಸರು ಹೇಳುತ್ತಾರೆ: ಗಂಡಮಾಲೆ. ಚರಕ ಸುಶ್ರುತರ ಕಾಲದಿಂದಲೂ ಬಂದಿರುವ ಹೆಸರದು. ಇಂದಿನ ವೈದ್ಯಕೀಯ ಭಾಷೆಯಲ್ಲಿ ಅದರ ಬಹುಪಾಲು ಪ್ರಕರಣಗಳು ದುಗ್ಧಗ್ರಂಥಿಗಳ ಕ್ಷಯ. ನಮ್ಮ ದೇಶದಲ್ಲಿ ಕ್ಷಯ ವ್ಯಾಪಕವಾಗಿರುವುದರಿಂದ ಕೊರಳ ಗಂಟು ಕಂಡೊಡನೆ ವೈದ್ಯರ ಮನಸ್ಸು ಮೊದಲು ಅತ್ತ ಹೋಗುವುದು ಸಹಜವೇ.

ಆದರೆ ಇದೇ ವೇಷ ತೊಟ್ಟು ಬರುವ ಇನ್ನೊಂದು ಕಾಯಿಲೆಯಿದೆ. ಅದು ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಅದೇ ಗಂಟು, ಅದೇ ಜ್ವರ, ಅದೇ ಬೆವರು. ಕ್ಷಯವೆಂದು ಭಾವಿಸಿ 6 ತಿಂಗಳು ಮಾತ್ರೆ ನುಂಗಿದ ಮೇಲೆ, ಗಂಟು ಕರಗದೆ ಎದೆ ಹೊಟ್ಟೆಗಳಿಗೂ ಕಾಯಿಲೆ ಹಬ್ಬಿದ ಮೇಲೆ ಕ್ಯಾನ್ಸರ್ ಆಸ್ಪತ್ರೆಯ ಮೆಟ್ಟಿಲು ಹತ್ತುವ ರೋಗಿಗಳ ಕುರಿತು ಭಾರತದ ವೈದ್ಯರು ಹಲವು ದಶಕಗಳಿಂದ ಬರೆಯುತ್ತಲೇ ಬಂದಿದ್ದಾರೆ.

ಗಂಟುಗಳೆಲ್ಲ ಒಂದೇ ಕಾಯಿಲೆಯಲ್ಲ ಎಂಬ ಸಂಶಯವನ್ನು ಕ್ರಮಬದ್ಧವಾಗಿ ಕಾಗದಕ್ಕಿಳಿಸಿದ ವೈದ್ಯ ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್. ಇಂದು ಜಗತ್ತಿನ ಪ್ರತಿ ಕ್ಯಾನ್ಸರ್ ಆಸ್ಪತ್ರೆಯ ದಾಖಲೆ ಪುಸ್ತಕದಲ್ಲೂ ಅವರ ಹೆಸರಿದೆ. ಲಿಂಫೋಮಾಗಳನ್ನು ಹಾಡ್ಜ್‌ಕಿನ್ ಮತ್ತು ನಾನ್-ಹಾಡ್ಜ್‌ಕಿನ್ ಎಂದೇ ವಿಂಗಡಿಸಲಾಗುತ್ತದೆ. ಆ ಹೆಸರಿನ ಹಿಂದಿನ ಮನುಷ್ಯನ ಕಥೆ ಮಾತ್ರ ಹೆಚ್ಚು ಜನರಿಗೆ ತಿಳಿದಿಲ್ಲ.

ಕ್ವೇಕರ್ ಮನೆಯ ಹುಡುಗ

ಥಾಮಸ್ ಹಾಡ್ಜ್‌ಕಿನ್ ಜನಿಸಿದ್ದು 1798ರ ಆಗಸ್ಟ್ 17ರಂದು, ಲಂಡನ್ ಅಂಚಿನ ಪೆಂಟನ್‌ವಿಲ್‌ನಲ್ಲಿ. ತಂದೆ ಜಾನ್ ಹಾಡ್ಜ್‌ಕಿನ್ ಸಿರಿವಂತರ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದ ಶಿಕ್ಷಕರು. ಕುಟುಂಬ ಕ್ವೇಕರ್ ಪಂಥಕ್ಕೆ ಸೇರಿದ್ದು. ಆಡಂಬರವಿಲ್ಲದ ಉಡುಪು, ಯುದ್ಧಕ್ಕೂ ಗುಲಾಮಗಿರಿಗೂ ವಿರೋಧ, ದೊಡ್ಡವರೆದುರೂ ತಲೆಬಾಗದ ನಡೆ ಆ ಪಂಥದ ಲಕ್ಷಣಗಳು. ಇಂಗ್ಲೆಂಡಿನ ಅಧಿಕೃತ ಚರ್ಚಿನ ನಂಬಿಕೆಗೆ ಸಹಿ ಹಾಕದವರಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಪದವಿ ಸಿಗುತ್ತಿರಲಿಲ್ಲ. ಹೀಗಾಗಿ ಕ್ವೇಕರ್ ತರುಣರು ವ್ಯಾಪಾರ, ಔಷಧ ತಯಾರಿಕೆ, ವೈದ್ಯಕೀಯದಂಥ ವೃತ್ತಿಗಳತ್ತ ಹೊರಳುತ್ತಿದ್ದರು. ಹಾಡ್ಜ್‌ಕಿನ್ ಕೂಡ ಮೊದಲು ಔಷಧ ವ್ಯಾಪಾರಿಗಳ ಬಳಿ ಕೆಲಸ ಕಲಿತರು. ನಂತರ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಕೆಲಕಾಲ ವಿದ್ಯಾರ್ಥಿಯಾಗಿ ತಿರುಗಾಡಿ, 1820ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಸೇರಿದರು. ಅಲ್ಲಿ ಪಂಥದ ಅಡ್ಡಿ ಇರಲಿಲ್ಲ.

ಓದಿನ ನಡುವೆ 1821ರಲ್ಲಿ ಪ್ಯಾರಿಸ್‌ಗೆ ಹೋದದ್ದು ಅವರ ಬದುಕಿಗೆ ಹೊಸ ತಿರುವು ನೀಡಿತು. ಆಗ ಪ್ಯಾರಿಸ್ ವೈದ್ಯಲೋಕದ ರಾಜಧಾನಿ. ಬದುಕಿದ್ದಾಗ ರೋಗಿಯಲ್ಲಿ ಕಂಡ ಲಕ್ಷಣವನ್ನು ಸತ್ತ ಮೇಲೆ ದೇಹದೊಳಗೆ ಕಂಡ ಬದಲಾವಣೆಯೊಂದಿಗೆ ತಾಳೆ ನೋಡುವ ಪದ್ಧತಿ ಅಲ್ಲಿ ಬೆಳೆದಿತ್ತು. 1816ರಲ್ಲಿ ಸ್ಟೆತೊಸ್ಕೋಪ್ ಕಂಡುಹಿಡಿದ ರೆನೆ ಲೆನೆಕ್ ಅವರಿಂದಲೇ ಹಾಡ್ಜ್‌ಕಿನ್ ಅದರ ಬಳಕೆ ಕಲಿತರು. ಇಂಗ್ಲೆಂಡಿಗೆ ಮರಳಿ ಆ ಹೊಸ ಸಾಧನದ ಪರವಾಗಿ ವಾದಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. 1823ರಲ್ಲಿ ಎಡಿನ್‌ಬರೋದಿಂದ ಎಂ.ಡಿ. ಪದವಿ ಪಡೆದರು. ಪ್ರಬಂಧದ ವಿಷಯ ದೇಹ ರಸಗಳನ್ನು ಹೀರಿಕೊಳ್ಳುವ ಬಗೆ. ಅಂದಿನ ಕಾಲದಲ್ಲಿ ದುಗ್ಧಗ್ರಂಥಿಗಳಿಗೆ ಹೀರುಗ್ರಂಥಿಗಳೆಂದೇ ಹೆಸರಿತ್ತು. ಮುಂದೆ ತನ್ನ ಹೆಸರು ಯಾವ ಅಂಗಕ್ಕೆ ಅಂಟಿಕೊಳ್ಳಲಿತ್ತೋ ಅದರ ಸುತ್ತಲೇ ಆ ತರುಣ ಆಗಲೇ ಸುಳಿದಾಡುತ್ತಿದ್ದ!

ಸತ್ತವರ ಪರೀಕ್ಷಕ

1825ರಲ್ಲಿ ಗೈಸ್ ಆಸ್ಪತ್ರೆ ಸ್ವಂತ ವೈದ್ಯಕೀಯ ಶಾಲೆ ತೆರೆಯಿತು. ಹಾಡ್ಜ್‌ಕಿನ್ ಅವರಿಗೆ ಅಲ್ಲಿ ಎರಡು ಹೊಣೆ. ರೋಗದೇಹಶಾಸ್ತ್ರ ಬೋಧಿಸುವುದು ಒಂದು, ಅಂಗಾಂಗಗಳ ಸಂಗ್ರಹಾಲಯ ನೋಡಿಕೊಳ್ಳುವುದು ಇನ್ನೊಂದು. ಆಸ್ಪತ್ರೆಯಲ್ಲಿ ಸತ್ತವರ ಶವಪರೀಕ್ಷೆ ಅವರ ನಿತ್ಯದ ಕೆಲಸ. ಕೈಗವಸು ಇಲ್ಲ, ರೋಗಾಣುಗಳ ಕಲ್ಪನೆ ಇಲ್ಲ, ಶೀತಲ ಕೊಠಡಿ ಇಲ್ಲದ ಕಾಲವದು. ಅಂಥ ಸ್ಥಿತಿಯಲ್ಲಿ ಅವರು ಶವಗಳನ್ನು ತೆರೆದು, ಕಂಡದ್ದನ್ನು ಬರೆದು, ಮುಖ್ಯವಾದ ಅಂಗಗಳನ್ನು ಗಾಜಿನ ಭರಣಿಗಳಲ್ಲಿ ಕಾದಿರಿಸಿದರು. 1829ರಲ್ಲಿ ಆ ಸಂಗ್ರಹದ ಸೂಚಿಯನ್ನೂ ಅಚ್ಚು ಹಾಕಿಸಿದರು.

ಅದೇ ಆಸ್ಪತ್ರೆಯಲ್ಲಿ ರಿಚರ್ಡ್ ಬ್ರೈಟ್ ಮೂತ್ರಪಿಂಡದ ಕಾಯಿಲೆಗಳನ್ನು ಅಭ್ಯಸಿಸುತ್ತಿದ್ದರು. ಥಾಮಸ್ ಅಡಿಸನ್ ಮುಂದೆ ಅಡ್ರಿನಲ್ ಗ್ರಂಥಿಯ ಕಾಯಿಲೆಗೆ ತಮ್ಮ ಹೆಸರು ಕೊಟ್ಟರು. ಒಂದೇ ಸೂರಿನಡಿ ಇಂಥ ಮೂವರು ಕೂಡಿದ್ದು ವೈದ್ಯಕೀಯ ಇತಿಹಾಸದಲ್ಲಿ ಅಪರೂಪ. ಹಾಡ್ಜ್‌ಕಿನ್ ಅವರ ಆಸಕ್ತಿ ಒಂದೇ ಅಂಗಕ್ಕೆ ಸೀಮಿತವಾಗಿರಲಿಲ್ಲ. 1827ರಲ್ಲಿ ಜೋಸೆಫ್ ಜಾಕ್ಸನ್ ಲಿಸ್ಟರ್ ಅವರೊಡಗೂಡಿ ಸುಧಾರಿತ ಸೂಕ್ಷ್ಮದರ್ಶಕದಲ್ಲಿ ರಕ್ತ ಪರೀಕ್ಷಿಸಿ, ಕೆಂಪು ರಕ್ತಕಣ ಎರಡೂ ಬದಿ ತಗ್ಗಿರುವ ಬಿಲ್ಲೆಯಂತಿದೆ ಎಂದು ತೋರಿಸಿದರು. ಹೃದಯದ ಮಹಾಧಮನಿ ಕವಾಟ ಸೋರುವ ತೊಂದರೆಯನ್ನು 1829ರ ಹೊತ್ತಿಗೇ ವಿವರಿಸಿದ್ದರು. ಆದರೂ ಅವರ ಹೆಸರು ಉಳಿದದ್ದು 1832ರ ಒಂದು ಪ್ರಬಂಧದಿಂದ.

ಆ ವರ್ಷವನ್ನು ನಮ್ಮ ನೆಲದ ಲೆಕ್ಕದಲ್ಲಿ ನೋಡುವುದಾದರೆ, ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿ ಒಂದು ವರ್ಷವಾಗಿತ್ತು. ಸವಣೂರಿನಲ್ಲಿ ನವಾಬರ ಆಳ್ವಿಕೆ ಇತ್ತು.

ಏಳು ಶವಗಳು, ಒಂದು ಪ್ರಬಂಧ

1832ರ ಜನವರಿಯಲ್ಲಿ ಲಂಡನ್ನಿನ ವೈದ್ಯಕೀಯ ಸಂಘವೊಂದರ ಸಭೆಯಲ್ಲಿ ಹಾಡ್ಜ್‌ಕಿನ್ ಪ್ರಬಂಧ ಓದಲಾಯಿತು. ಅವರು ಸಂಘದ ಸದಸ್ಯರಾಗಿರಲಿಲ್ಲ. ಆದ್ದರಿಂದ ಕಾರ್ಯದರ್ಶಿ ರಾಬರ್ಟ್ ಲೀ ಅದನ್ನು ಓದಬೇಕಾಯಿತು. ಹೀರುಗ್ರಂಥಿ ಮತ್ತು ಗುಲ್ಮದ ಕೆಲವು ವಿಕೃತಿಗಳು ಎಂಬುದು ಅದರ ವಸ್ತು. ಒಟ್ಟು 7 ರೋಗಿಗಳ ವಿವರ ಅದರಲ್ಲಿತ್ತು. ಮಕ್ಕಳೂ ಇದ್ದರು, ವಯಸ್ಕರೂ ಇದ್ದರು. ಏಳನೆಯ ಪ್ರಕರಣವನ್ನು ಅವರು ಕಂಡದ್ದು ರಾಬರ್ಟ್ ಕಾರ್ಸ್‌ವೆಲ್ ಬಿಡಿಸಿದ್ದ ಚಿತ್ರಗಳ ಮೂಲಕ.

ಅವರು ಕಂಡದ್ದೇನು? ಕೊರಳು, ಕಂಕುಳು, ತೊಡೆಸಂದು, ಎದೆಗೂಡು ಹಾಗೂ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳಗಳ ಗುಂಟ ಗ್ರಂಥಿಗಳು ಸಾಲುಸಾಲಾಗಿ ಊದಿದ್ದವು. ಹೆಚ್ಚಿನವರಲ್ಲಿ ಗುಲ್ಮವೂ ಕೆಟ್ಟಿತ್ತು. ಗಂಟು ಊದಿಕೊಳ್ಳಲು ಹತ್ತಿರದ ಗಾಯ, ಉರಿಯೂತ ಇಲ್ಲವೇ ಕ್ಷಯ ಕಾರಣವೆಂಬುದು ಅಂದಿನ ಸಾಮಾನ್ಯ ತಿಳಿವಳಿಕೆ. ಹಾಡ್ಜ್‌ಕಿನ್ ಬೇರೆ ಮಾತು ಹೇಳಿದರು. ಇಲ್ಲಿ ಬೇರೆಲ್ಲಿಂದಲೋ ಬಂದ ಕೆಡುಕಿಗೆ ಗ್ರಂಥಿ ಸ್ಪಂದಿಸುತ್ತಿಲ್ಲ, ಕಾಯಿಲೆಯ ತವರೇ ಗ್ರಂಥಿ ಎಂಬುದು ಅವರ ವಾದದ ತಿರುಳು. ಇಟಲಿಯ ಮಾಲ್ಪೀಗಿ 17ನೇ ಶತಮಾನದಲ್ಲೇ ಇಂಥದ್ದನ್ನು ಕಂಡಿದ್ದರೆಂದು ಅವರು ಪ್ರಾಮಾಣಿಕವಾಗಿ ನಮೂದಿಸಿದರು.

ಗಮನಿಸಬೇಕಾದ ಸಂಗತಿಯೆಂದರೆ ಈ ಕೆಲಸದಲ್ಲಿ ಅವರು ಸೂಕ್ಷ್ಮದರ್ಶಕ ಬಳಸಲಿಲ್ಲ. ಅಂಗಾಂಶವನ್ನು ತೆಳುವಾಗಿ ಕೊಯ್ದು ಬಣ್ಣ ಹಾಕಿ ನೋಡುವ ವಿದ್ಯೆ ಆಗ ಇರಲಿಲ್ಲ. ಬರಿಗಣ್ಣು, ಬೆರಳ ತುದಿ, ಏಳು ದೇಹಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವ ತಾಳ್ಮೆ, ಅವರ ಬಳಿ ಇದ್ದುದು ಇಷ್ಟೇ. ಪ್ರಬಂಧ ಅಚ್ಚಾಯಿತು. ಯಾರೂ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ.

ಹುದ್ದೆ ತಪ್ಪಿದ ಬಗೆ

1837ರಲ್ಲಿ ಗೈಸ್ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯರ ಹುದ್ದೆ ತೆರವಾಯಿತು. 12 ವರ್ಷ ದುಡಿದ ಹಾಡ್ಜ್‌ಕಿನ್ ಅವರಿಗೆ ಅದು ಸಿಗಬೇಕೆಂಬ ನಿರೀಕ್ಷೆ ಇತ್ತು. ಸಿಕ್ಕಿದ್ದು ಬೆಂಜಮಿನ್ ಬ್ಯಾಬಿಂಗ್ಟನ್ ಅವರಿಗೆ. ಆಸ್ಪತ್ರೆಯ ಆಡಳಿತ ಖಜಾಂಚಿ ಬೆಂಜಮಿನ್ ಹ್ಯಾರಿಸನ್ ಅವರ ಮುಷ್ಟಿಯಲ್ಲಿತ್ತು. ಅದೇ ಹ್ಯಾರಿಸನ್ ಉತ್ತರ ಅಮೆರಿಕದಲ್ಲಿ ತುಪ್ಪಳದ ವ್ಯಾಪಾರ ನಡೆಸುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಆಡಳಿತದಲ್ಲೂ ಇದ್ದರು. ಆ ಕಂಪನಿಯ ವ್ಯಾಪಾರ ಅಲ್ಲಿನ ಮೂಲನಿವಾಸಿಗಳ ಬದುಕನ್ನು ಹಾಳುಗೆಡವುತ್ತಿದೆ ಎಂದು ಹಾಡ್ಜ್‌ಕಿನ್ ಮುಚ್ಚುಮರೆಯಿಲ್ಲದೆ ಬರೆದಿದ್ದರು. ಜತೆಗೆ ಎಲ್ಲ ಪಂಥದವರಿಗೂ ಬಾಗಿಲು ತೆರೆದಿದ್ದ ಹೊಸ ಲಂಡನ್ ವಿಶ್ವವಿದ್ಯಾಲಯದ ಪರವಾಗಿ ನಿಂತಿದ್ದರು. ಅದೂ ಆಡಳಿತಕ್ಕೆ ಹಿಡಿಸಿರಲಿಲ್ಲ.

ಇವುಗಳಲ್ಲಿ ಯಾವುದು ಎಷ್ಟರ ಮಟ್ಟಿಗೆ ಕಾರಣ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆ ಇದೆ. ಫಲಿತಾಂಶದ ಬಗ್ಗೆ ಇಲ್ಲ. ಹಾಡ್ಜ್‌ಕಿನ್ ರಾಜೀನಾಮೆ ಕೊಟ್ಟು ಹೊರನಡೆದರು. ಆಗ ಅವರಿಗೆ 39ರ ಆಸುಪಾಸು. ಮುಂದೆ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅಲ್ಪಕಾಲ ಬೋಧಿಸಿದ್ದು ಬಿಟ್ಟರೆ ರೋಗದೇಹಶಾಸ್ತ್ರದ ಕೆಲಸ ಅಲ್ಲಿಗೇ ನಿಂತಿತು. ಶವಾಗಾರವೂ ಇಲ್ಲ, ಸಂಗ್ರಹಾಲಯವೂ ಇಲ್ಲ. ಒಂದು ಹುದ್ದೆಯ ರಾಜಕೀಯ ವೈದ್ಯವಿಜ್ಞಾನಕ್ಕೆ ಎಷ್ಟು ನಷ್ಟ ತಂದಿತೆಂದು ಲೆಕ್ಕ ಹಾಕಲಾಗದು.

ಅದೇ 1837ರಲ್ಲಿ ಅವರು ಮೂಲನಿವಾಸಿಗಳ ರಕ್ಷಣಾ ಸಂಘದ ಸ್ಥಾಪನೆಯಲ್ಲಿ ಮುಂದಾಳಾದರು. ಬ್ರಿಟಿಷ್ ವಸಾಹತುಗಳಲ್ಲಿ ನೆಲ ಕಳೆದುಕೊಂಡ ಜನರ ಪರವಾಗಿ ಅರ್ಜಿ ಬರೆಯುವುದು, ಮಂತ್ರಿಗಳನ್ನು ಕಾಣುವುದು, ವರದಿ ಅಚ್ಚು ಹಾಕಿಸುವುದೇ ಉಳಿದ ಬದುಕಾಯಿತು. ಎಲ್ಲ ವಿಷಯದಲ್ಲೂ ಅವರ ನಿಲುವು ಸರಿಯಾಗಿತ್ತೆಂದು ಹೇಳಲಾಗದು. ಬಿಡುಗಡೆಯಾದ ಅಮೆರಿಕದ ಕರಿಯರನ್ನು ಆಫ್ರಿಕಕ್ಕೆ ಕಳಿಸಿ ನೆಲೆಗೊಳಿಸುವ ಯೋಜನೆಯನ್ನು ಅವರು ಬೆಂಬಲಿಸಿದ್ದರು. ಗುಲಾಮಗಿರಿ ವಿರೋಧಿಗಳೇ ಅದನ್ನು ಕಟುವಾಗಿ ಟೀಕಿಸಿದ್ದರು.

ಖಾಸಗಿ ಬದುಕೂ ಸುಲಭವಾಗಿರಲಿಲ್ಲ. ಯೌವನದಲ್ಲಿ ಒಲಿದದ್ದು ಸೋದರ ಸಂಬಂಧಿ ಸಾರಾ ಗಾಡ್ಲೀ ಅವರನ್ನು. ಅಂಥ ಹತ್ತಿರದ ಸಂಬಂಧದಲ್ಲಿ ಮದುವೆಗೆ ಕ್ವೇಕರ್ ನಿಯಮ ಒಪ್ಪುತ್ತಿರಲಿಲ್ಲ. ಸೋದರಮಾವನ ಮಗಳನ್ನು ತರುವುದೇ ವಾಡಿಕೆಯಾಗಿರುವ ನಮ್ಮ ಕಡೆಯ ಓದುಗರಿಗೆ ಇದು ಸೋಜಿಗವೆನಿಸೀತು. 1850ರಲ್ಲಿ, 51ನೇ ವಯಸ್ಸಿನಲ್ಲಿ ಸಾರಾ ಸ್ಕೇಫ್ ಎಂಬ ವಿಧವೆಯನ್ನು ಮದುವೆಯಾದರು. ಮಕ್ಕಳಾಗಲಿಲ್ಲ. ಬಡವರಿಂದ ಶುಲ್ಕ ಕೇಳಲು ಹಿಂಜರಿಯುತ್ತಿದ್ದ ಈ ವೈದ್ಯ ಹಣವಂತರಾಗಲೂ ಇಲ್ಲ.

ಹೆಸರು ಬಂದದ್ದು ಹೇಗೆ?

ಗೈಸ್ ಆಸ್ಪತ್ರೆಯಲ್ಲೇ ಹಾಡ್ಜ್‌ಕಿನ್ ಅವರ ನಂತರದ ತಲೆಮಾರಿನ ಸ್ಯಾಮ್ಯುಯೆಲ್ ವಿಲ್ಕ್ಸ್ 1856ರಲ್ಲಿ ಇಂಥದೇ ಗ್ರಂಥಿ ಊತದ ಪ್ರಕರಣಗಳನ್ನು ಪ್ರಕಟಿಸಿದರು. ತಾನೇ ಮೊದಲು ಕಂಡದ್ದೆಂದು ಭಾವಿಸಿದ್ದ ಅವರಿಗೆ, ರಿಚರ್ಡ್ ಬ್ರೈಟ್ ಅವರ ಬರಹದಲ್ಲಿದ್ದ ಉಲ್ಲೇಖದಿಂದ ಹಾಡ್ಜ್‌ಕಿನ್ 24 ವರ್ಷ ಮೊದಲೇ ಬರೆದಿದ್ದು ತಿಳಿಯಿತು. ವಿಲ್ಕ್ಸ್ ದೊಡ್ಡ ಮನಸ್ಸಿನವರು. 1865ರಲ್ಲಿ ಹೆಚ್ಚು ಪ್ರಕರಣ ಸೇರಿಸಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ಅದನ್ನು ಹಾಡ್ಜ್‌ಕಿನ್ ಕಾಯಿಲೆ ಎಂದು ಕರೆದರು. ಆಗ ಹಾಡ್ಜ್‌ಕಿನ್ ಇನ್ನೂ ಬದುಕಿದ್ದರು.

ಮರುವರ್ಷವೇ ಅವರು ತೀರಿಕೊಂಡರು. ಯಹೂದಿ ಸಮುದಾಯದ ದಾನಿ ಸರ್ ಮೋಸೆಸ್ ಮಾಂಟೆಫಿಯೋರೆ ಅವರ ಆಪ್ತ ಮಿತ್ರ. ಸಂಕಷ್ಟದಲ್ಲಿದ್ದ ಯಹೂದಿಗಳ ನೆರವಿಗೆಂದು ಮಾಂಟೆಫಿಯೋರೆ ಕೈಗೊಳ್ಳುತ್ತಿದ್ದ ಪಯಣಗಳಲ್ಲಿ ಹಾಡ್ಜ್‌ಕಿನ್ ಜತೆಗಿರುತ್ತಿದ್ದರು. 1866ರಲ್ಲಿ ಪ್ಯಾಲೆಸ್ಟೀನಿಗೆ ಹೋದಾಗ ಜಾಫಾ ಬಂದರಿನಲ್ಲಿ ಆಮಶಂಕೆ ಅಂಟಿ, ಏಪ್ರಿಲ್ 4ರಂದು ಅಸುನೀಗಿದರು. ಅಲ್ಲೇ ಮಣ್ಣು ಮಾಡಲಾಯಿತು. ಗೆಳೆಯನ ಸಮಾಧಿಯ ಮೇಲೆ ಮಾಂಟೆಫಿಯೋರೆ ಕಲ್ಲಿನ ಸ್ತಂಭ ನಿಲ್ಲಿಸಿದರು.

ಗೂಬೆಕಣ್ಣಿನ ಕೋಶ

ಹಾಡ್ಜ್‌ಕಿನ್ ಬರಿಗಣ್ಣಿನಿಂದ ಎತ್ತಿದ ಪ್ರಶ್ನೆಗೆ ಸೂಕ್ಷ್ಮದರ್ಶಕದ ಉತ್ತರ ಬಂದದ್ದು 19ನೇ ಶತಮಾನದ ಕೊನೆಯಲ್ಲಿ. ವಿಯೆನ್ನಾದ ಕಾರ್ಲ್ ಸ್ಟೆರ್ನ್‌ಬರ್ಗ್ 1898ರಲ್ಲಿ ಇಂಥ ಗ್ರಂಥಿಗಳಲ್ಲಿ ದೈತ್ಯಾಕಾರದ ಕೋಶಗಳನ್ನು ವರ್ಣಿಸಿದರು. ಆದರೆ ಕಾಯಿಲೆ ಕ್ಷಯದ್ದೇ ಒಂದು ವಿಚಿತ್ರ ರೂಪವೆಂದು ಅವರು ನಂಬಿದ್ದರು. 1902ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಡೊರೊಥಿ ರೀಡ್ ಎಂಬ ತರುಣಿ ಆ ಕೋಶದ ಸ್ಪಷ್ಟ ಚಿತ್ರ ಬಿಡಿಸಿ, ಇದಕ್ಕೂ ಕ್ಷಯಕ್ಕೂ ಸಂಬಂಧವಿಲ್ಲವೆಂದು ತೋರಿಸಿದರು. ಒಂದೇ ಕೋಶದಲ್ಲಿ ಎರಡು ಕೇಂದ್ರಗಳು, ಅವುಗಳಲ್ಲಿ ಎದ್ದು ಕಾಣುವ ಎರಡು ಬೊಟ್ಟುಗಳು, ಥೇಟ್ ಗೂಬೆಯ ಮುಖ. ಇಂದಿಗೂ ರೀಡ್-ಸ್ಟೆರ್ನ್‌ಬರ್ಗ್ ಕೋಶವೆಂದೇ ಅದಕ್ಕೆ ಹೆಸರು. ಮಹಿಳೆಯೆಂಬ ಕಾರಣಕ್ಕೆ ಅಲ್ಲಿ ಮೇಲೇರುವ ದಾರಿ ಕಾಣದೆ ಡೊರೊಥಿ ರೀಡ್ ಕೂಡ ಆ ಕ್ಷೇತ್ರ ತೊರೆದರು. ಈ ಕಾಯಿಲೆಯ ಚರಿತ್ರೆಯಲ್ಲಿ ಹುದ್ದೆ ತಪ್ಪಿದವರ ಪಾಲು ದೊಡ್ಡದೇ!

ದುಗ್ಧವ್ಯವಸ್ಥೆ ಎಂದರೇನೆಂದು ಇಲ್ಲಿ ಒಂದು ಮಾತು. ದೇಹದ ಮೂಲೆಮೂಲೆಗಳಿಂದ ದುಗ್ಧರಸವನ್ನು ಹೊತ್ತು ತರುವ ತೆಳು ನಾಳಗಳ ಜಾಲವಿದೆ. ಅದರ ದಾರಿಯಲ್ಲಿ ಅಲ್ಲಲ್ಲಿ ಅವರೆಕಾಳಿನಂಥ ನೂರಾರು ಗ್ರಂಥಿಗಳಿವೆ. ಸೋಂಕಿನೊಂದಿಗೆ ಹೋರಾಡುವ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಠಾಣೆಗಳಿವು. ಆ ಕಣಗಳೇ ಹತೋಟಿ ತಪ್ಪಿ ಬೆಳೆದರೆ ಲಿಂಫೋಮಾ. ಗೂಬೆಕಣ್ಣಿನ ಕೋಶವಿರುವ ಬಗೆ ಹಾಡ್ಜ್‌ಕಿನ್. ಉಳಿದ ಹತ್ತಾರು ಬಗೆಗಳನ್ನೆಲ್ಲ ಸೇರಿಸಿ ನಾನ್-ಹಾಡ್ಜ್‌ಕಿನ್ ಎನ್ನುತ್ತಾರೆ. ಅವುಗಳಲ್ಲಿ ಕೆಲವು ವಾರಗಳಲ್ಲಿ ಹೆಚ್ಚುವಂಥವು, ಕೆಲವು ವರ್ಷಗಟ್ಟಲೆ ತೆವಳುವಂಥವು. ಔಷಧವೂ ಬೇರೆ ಬೇರೆ. ಯಾವ ಬಗೆಯೆಂದು ತಿಳಿಯದೆ ಚಿಕಿತ್ಸೆ ಆರಂಭಿಸುವಂತಿಲ್ಲ.

ತಿಳಿಯುವ ದಾರಿ ಬಯಾಪ್ಸಿ. ಗಂಟಿಗೆ ಸಣ್ಣ ಸೂಜಿ ಚುಚ್ಚಿ ನಾಲ್ಕಾರು ಕೋಶ ಎಳೆದು ನೋಡುವ ಎಫ್‌ಎನ್‌ಎಸಿ ಪರೀಕ್ಷೆ ನಮ್ಮ ಊರುಗಳಲ್ಲಿ ಬಳಕೆಯಲ್ಲಿದೆ. ಕ್ಷಯ ಪತ್ತೆಗೆ ಅದು ಬಹುಮಟ್ಟಿಗೆ ನೆರವಾಗುತ್ತದೆ. ಲಿಂಫೋಮಾ ವಿಷಯದಲ್ಲಿ ಸಾಲದು. ಹಾಡ್ಜ್‌ಕಿನ್ ಕಾಯಿಲೆಯ ಗಂಟಿನಲ್ಲಿ ಕ್ಯಾನ್ಸರ್ ಕೋಶಗಳು ಬೆರಳೆಣಿಕೆಯಷ್ಟು, ಸುತ್ತ ನೆರೆದ ಸಾಧಾರಣ ಕೋಶಗಳೇ ಬಹಳ. ಸೂಜಿಗೆ ಗೂಬೆಕಣ್ಣು ಸಿಗದೇ ಹೋಗಬಹುದು. ಕೋಶಗಳು ಗ್ರಂಥಿಯೊಳಗೆ ಹೇಗೆ ಜೋಡಣೆಯಾಗಿವೆ ಎಂಬುದೂ ಸೂಜಿಯಿಂದ ತಿಳಿಯದು. ಆದ್ದರಿಂದ ಸಾಧ್ಯವಿದ್ದಲ್ಲಿ ಇಡೀ ಗ್ರಂಥಿಯನ್ನೇ ಸಣ್ಣ ಶಸ್ತ್ರಕ್ರಿಯೆಯಲ್ಲಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಕೋಶದ ಮೈಮೇಲಿನ ಗುರುತುಗಳನ್ನು ಬಣ್ಣದಿಂದ ಪತ್ತೆಮಾಡುವ ಇಮ್ಯುನೊ ಪರೀಕ್ಷೆ ನಡೆಯುತ್ತದೆ. ಸಿಡಿ 15, ಸಿಡಿ 30 ಕಂಡರೆ ಹಾಡ್ಜ್‌ಕಿನ್ ಕಡೆಗೆ, ಸಿಡಿ 20 ಕಂಡರೆ ಬಿ ಕೋಶದ ಬಗೆಗಳ ಕಡೆಗೆ ಬೆರಳು ತೋರುತ್ತದೆ.

ಇನ್ನೊಂದು ಎಚ್ಚರಿಕೆ. ಗಂಟು ಇಳಿಯಲೆಂದು ಬಯಾಪ್ಸಿಗೆ ಮೊದಲೇ ಸ್ಟಿರಾಯ್ಡ್ ಮಾತ್ರೆ ಕೊಟ್ಟರೆ ಕೆಲವು ಲಿಂಫೋಮಾಗಳು ತಾತ್ಕಾಲಿಕವಾಗಿ ಕುಗ್ಗಿ, ಪರೀಕ್ಷೆಯಲ್ಲಿ ಸಿಗದಂತಾಗುತ್ತವೆ. ಗಂಟು ಇಳಿಯಿತೆಂದು ಮನೆಯವರು ನಿಟ್ಟುಸಿರು ಬಿಡುವಷ್ಟರಲ್ಲಿ ಕಾಯಿಲೆ ಮತ್ತೆ ತಲೆಯೆತ್ತುತ್ತದೆ. ಕ್ಷಯದ ಔಷಧ ಆರಂಭಿಸಿದ ಕೆಲವು ವಾರಗಳಲ್ಲಿ ಗಂಟು ಕುಗ್ಗದಿದ್ದರೆ, ಹೊಸ ಗಂಟು ಹುಟ್ಟಿದರೆ ಮರುಪರೀಕ್ಷೆ ಕೇಳುವುದು ರೋಗಿಯ ಹಕ್ಕು.

ಹಂತ ಎಂದರೆ ಏನು?

ಹಾಡ್ಜ್‌ಕಿನ್ ಅವರ ಏಳು ಪ್ರಕರಣಗಳಲ್ಲಿ ಕಾಯಿಲೆ ಎಲ್ಲೆಲ್ಲಿ ಹಬ್ಬಿತ್ತೆಂದು ತಿಳಿದದ್ದು ಸತ್ತ ಮೇಲೆ. ಬದುಕಿರುವಾಗಲೇ ಅದನ್ನು ತಿಳಿಯುವ ಪ್ರಯತ್ನಕ್ಕೆ ಹಂತ ನಿರ್ಣಯ ಎನ್ನುತ್ತಾರೆ. ಕೆನಡಾದ ಟೊರಾಂಟೊದಲ್ಲಿ ವೆರಾ ಪೀಟರ್ಸ್ ಎಂಬ ವೈದ್ಯೆ 1950ರಲ್ಲಿ 3 ಹಂತಗಳ ಪದ್ಧತಿ ಮುಂದಿಟ್ಟು, ಮೊದಲ ಹಂತದ ರೋಗಿಗಳು ವಿಕಿರಣ ಚಿಕಿತ್ಸೆಯಿಂದ ಪೂರ್ತಿ ಗುಣವಾಗಬಲ್ಲರೆಂದು ತೋರಿಸಿದರು. ಮದ್ದಿಲ್ಲದ ಕಾಯಿಲೆಯೆಂದೇ ಎಲ್ಲರೂ ನಂಬಿದ್ದ ಕಾಲವದು. 1971ರಲ್ಲಿ ಅಮೆರಿಕದ ಆನ್ ಆರ್ಬರ್ ನಗರದಲ್ಲಿ ಸೇರಿದ ತಜ್ಞರು 4 ಹಂತಗಳ ಪದ್ಧತಿ ರೂಪಿಸಿದರು. ಅದನ್ನೇ ಪರಿಷ್ಕರಿಸಿ 2014ರಲ್ಲಿ ಪ್ರಕಟಿಸಿದ ಲುಗಾನೊ ಪದ್ಧತಿ ಈಗ ಬಳಕೆಯಲ್ಲಿದೆ.

ಲೆಕ್ಕ ಕಠಿಣವೇನಲ್ಲ. ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಾದ ವಪೆಯೇ ಇಲ್ಲಿ ಗಡಿ. ಒಂದೇ ಭಾಗದ ಗ್ರಂಥಿಗಳಲ್ಲಿದ್ದರೆ 1ನೇ ಹಂತ. ಎರಡು ಅಥವಾ ಹೆಚ್ಚು ಭಾಗಗಳಲ್ಲಿದ್ದು, ಎಲ್ಲವೂ ವಪೆಯ ಒಂದೇ ಬದಿಯಲ್ಲಿದ್ದರೆ 2ನೇ ಹಂತ. ಕೊರಳಲ್ಲೂ ಇದೆ, ಹೊಟ್ಟೆಯಲ್ಲೂ ಇದೆ ಎಂದಾದರೆ ಗಡಿ ದಾಟಿದೆ, ಅದು 3ನೇ ಹಂತ. ದುಗ್ಧವ್ಯವಸ್ಥೆಯ ಹೊರಗಿನ ಅಂಗಗಳಿಗೆ, ಅಂದರೆ ಯಕೃತ್ತು, ಅಸ್ಥಿಮಜ್ಜೆ ಮುಂತಾದವುಗಳಿಗೆ ಹರಡಿದ್ದರೆ 4ನೇ ಹಂತ. ಹಾಡ್ಜ್‌ಕಿನ್ ಬಗೆಯಲ್ಲಿ ಇದರ ಜತೆ ಒಂದು ಅಕ್ಷರ ಸೇರಿಸುತ್ತಾರೆ. 38 ಡಿಗ್ರಿ ಸೆಲ್ಸಿಯಸ್ ಮೀರಿದ ಕಾರಣ ತಿಳಿಯದ ಜ್ವರ, ಬಟ್ಟೆ ತೊಯ್ಯಿಸುವ ರಾತ್ರಿ ಬೆವರು, 6 ತಿಂಗಳಲ್ಲಿ ಶೇ 10ಕ್ಕಿಂತ ಹೆಚ್ಚು ತೂಕ ಇಳಿತ, ಇವುಗಳಲ್ಲಿ ಒಂದಿದ್ದರೂ ಬಿ. ಯಾವುದೂ ಇಲ್ಲದಿದ್ದರೆ ಎ.

ಇಲ್ಲೊಂದು ತಪ್ಪು ತಿಳಿವಳಿಕೆ ಸಾಮಾನ್ಯ. 4ನೇ ಹಂತವೆಂದ ಕೂಡಲೇ ಮನೆಮಂದಿ ಕೈಚೆಲ್ಲುತ್ತಾರೆ. ಬೇರೆ ಹಲವು ಕ್ಯಾನ್ಸರ್‌ಗಳಿಗೆ ಅನ್ವಯಿಸುವ ಆ ಭಯ ಲಿಂಫೋಮಾಕ್ಕೆ ಹಾಗೆಯೇ ಅನ್ವಯಿಸದು. ಹಾಡ್ಜ್‌ಕಿನ್ ಕಾಯಿಲೆ 4ನೇ ಹಂತದಲ್ಲೂ ಗುಣವಾಗುವ ಸಾಧ್ಯತೆ ಗಣನೀಯವಾಗಿದೆ. ನಾನ್-ಹಾಡ್ಜ್‌ಕಿನ್‌ನ ವೇಗವಾಗಿ ಬೆಳೆಯುವ ಕೆಲವು ಬಗೆಗಳ ಮಾತೂ ಇದೇ. ಇಟಲಿಯ ಮಿಲಾನ್‌ನಲ್ಲಿ ಬೊನಡೊನ್ನ 1970ರ ದಶಕದಲ್ಲಿ ರೂಪಿಸಿದ ಎಬಿವಿಡಿ ಎಂಬ 4 ಔಷಧಗಳ ಜೋಡಣೆ ಇಂದಿಗೂ ಹಾಡ್ಜ್‌ಕಿನ್ ಚಿಕಿತ್ಸೆಯಲ್ಲಿ ವ್ಯಾಪಕ ಬಳಕೆಯಲ್ಲಿದೆ. ಹಂತದ ಸಂಖ್ಯೆ ಹೇಳುವುದು ಎಷ್ಟು ಔಷಧ, ಎಷ್ಟು ಸುತ್ತು, ವಿಕಿರಣ ಬೇಕೇ ಬೇಡವೇ ಎಂಬುದನ್ನು.

ಹಂತ ತಿಳಿಯಲು ಒಂದು ಕಾಲಕ್ಕೆ ರೋಗಿಯ ಹೊಟ್ಟೆಯನ್ನೇ ಕೊಯ್ದು, ಗುಲ್ಮ ತೆಗೆದು ನೋಡುತ್ತಿದ್ದರು. ಸಿಟಿ ಸ್ಕ್ಯಾನ್ ಬಂದ ಮೇಲೆ ಆ ಕ್ರಮ ಹಿಂದೆ ಸರಿಯಿತು. ಈಗ ಪೆಟ್-ಸಿಟಿ ಇದೆ. ವಿಕಿರಣ ಸೂಸುವ ಸಕ್ಕರೆಯಂಥ ದ್ರವವನ್ನು ರಕ್ತನಾಳಕ್ಕೆ ಕೊಟ್ಟರೆ ಚುರುಕಾದ ಕ್ಯಾನ್ಸರ್ ಕೋಶಗಳು ಅದನ್ನು ಹೆಚ್ಚು ಹೀರಿ ಚಿತ್ರದಲ್ಲಿ ಬೆಳಗುತ್ತವೆ. ಹಾಡ್ಜ್‌ಕಿನ್ ಬಗೆಯಲ್ಲಿ ಪೆಟ್-ಸಿಟಿ ಮಾಡಿಸಿದವರಿಗೆ ಸಾಮಾನ್ಯವಾಗಿ ಅಸ್ಥಿಮಜ್ಜೆಯ ಪರೀಕ್ಷೆಯೂ ಬೇಕಾಗುವುದಿಲ್ಲ. ಕೆಲವು ಸುತ್ತು ಔಷಧದ ನಂತರ ಮತ್ತೊಮ್ಮೆ ಪೆಟ್ ಮಾಡಿ, ಬೆಳಕು ಎಷ್ಟು ಆರಿದೆಯೆಂದು 5 ಅಂಕಗಳ ಅಳತೆಯಲ್ಲಿ ನೋಡಿ ಮುಂದಿನ ಚಿಕಿತ್ಸೆ ನಿರ್ಧರಿಸುತ್ತಾರೆ. ರಕ್ತದ ಇಎಸ್‌ಆರ್, ಎಲ್‌ಡಿಎಚ್, ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಗಳೂ ಇದರ ಜತೆಗಿರುತ್ತವೆ.

ನಮ್ಮ ನಾಲ್ಕು ತಾಲ್ಲೂಕುಗಳಿಂದ ಈ ಪರೀಕ್ಷೆಗಳಿಗೆ ಊರು ಬಿಟ್ಟು ಹೋಗಲೇಬೇಕು. ಶಿಗ್ಗಾವಿ, ಸವಣೂರು, ಹಾನಗಲ್‌ನವರಿಗೆ ಹುಬ್ಬಳ್ಳಿ ಹತ್ತಿರ. ಅಲ್ಲಿ ಕಿಮ್ಸ್ ಎಂದೇ ಜನ ಕರೆಯುವ ಸರ್ಕಾರಿ ವೈದ್ಯಕೀಯ ಸಂಸ್ಥೆಯಿದೆ, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಹಿರೇಕೆರೂರಿನವರು ದಾವಣಗೆರೆ, ಶಿವಮೊಗ್ಗದ ಕಡೆಗೂ ಹೋಗಬಹುದು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ರಾಜ್ಯದ ದೊಡ್ಡ ಸರ್ಕಾರಿ ಕ್ಯಾನ್ಸರ್ ಕೇಂದ್ರ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಬಯಾಪ್ಸಿಯ ವರದಿ ಮಾತ್ರವಲ್ಲ, ಅಂಗಾಂಶದ ಮೇಣದ ತುಂಡು ಮತ್ತು ಗಾಜಿನ ಸ್ಲೈಡುಗಳನ್ನೂ ಕೇಳಿ ಜತೆಗೆ ಒಯ್ಯುವುದು ಒಳ್ಳೆಯದು. ದೊಡ್ಡ ಆಸ್ಪತ್ರೆಯ ತಜ್ಞರು ಅವನ್ನು ಮತ್ತೊಮ್ಮೆ ತಾವೇ ನೋಡಬಯಸುತ್ತಾರೆ.

ಅಂಥ ಮರುಪರೀಕ್ಷೆಗೆ ಸ್ವತಃ ಹಾಡ್ಜ್‌ಕಿನ್ ಅವರ ರೋಗಿಗಳೂ ಒಳಗಾದರು, ಸುಮಾರು ನೂರು ವರ್ಷಗಳ ನಂತರ. ಗೈಸ್ ಆಸ್ಪತ್ರೆಯ ಭರಣಿಗಳಲ್ಲಿ ಅವರು ಕಾದಿರಿಸಿದ್ದ ಏಳರಲ್ಲಿ ಮೂವರ ಗ್ರಂಥಿಗಳು ಹಾಗೇ ಉಳಿದಿದ್ದವು. ಅವುಗಳಿಂದ ತೆಳು ಪದರ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದ ಹರ್ಬರ್ಟ್ ಫಾಕ್ಸ್ 1926ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡರಲ್ಲಿ ಹಾಡ್ಜ್‌ಕಿನ್ ಕಾಯಿಲೆ ಖಚಿತವಾಯಿತು. ಮೂರನೆಯದು ಇಂದು ನಾನ್-ಹಾಡ್ಜ್‌ಕಿನ್ ಎನ್ನುವ ಗುಂಪಿಗೆ ಸೇರಿದ್ದು. ಉಳಿದ ನಾಲ್ವರ ಅಂಗಾಂಶ ಸಿಗಲಿಲ್ಲ. ಅವರ ವಿವರಗಳನ್ನು ಓದಿದ ನಂತರದ ತಜ್ಞರು ಕೆಲವರಿಗೆ ಇದ್ದದ್ದು ಕ್ಷಯವೋ ಸಿಫಿಲಿಸ್ಸೋ ಇರಬೇಕೆಂದು ಬರೆದಿದ್ದಾರೆ. ಆ ಭರಣಿಗಳು ಲಂಡನ್ನಿನ ಕಿಂಗ್ಸ್ ಕಾಲೇಜಿನ ಗಾರ್ಡನ್ ಸಂಗ್ರಹಾಲಯದ ಪಾಲಿಗೆ ಬಂದವು.